ಅಂಚಿನಲ್ಲಿ ಪೆನ್ಸಿಲ್ ತಾರೀಖು

ಸೆಪ್ಟೆಂಬರ್ 1, ಸೋಮವಾರ

ಬೆನ್ನು ಬಿಚ್ಚಿದ್ದಾಯಿತು. ಹಳೆಯ ಅಂಟು ಕಲ್ಲಿನಂತಿತ್ತು, ಚಾಕು ಎರಡು ಸಲ ಜಾರಿತು. ನಮ್ಮ ಚರ್ಚ್‌ನ ಪೀಠದ ಬೈಬಲ್ ಇದು. ಐದು ಕೆ.ಜಿ. ಇನ್ನೂರು ಗ್ರಾಂ, ತೂಗಿ ನೋಡಿದೆ. ಚಿಕ್ಕಂದಿನಿಂದ ದೂರದಿಂದಷ್ಟೇ ಕಂಡದ್ದು. ಈಗ ಹೊಲಿಗೆ ಕಳಚಿಕೊಂಡು ನನ್ನ ಬೈಂಡಿಂಗ್ ಮೇಜಿನ ಮೇಲೆ ಮಲಗಿದೆ. ಹೊಸ ರಟ್ಟು, ಹೊಸ ಹೊಲಿಗೆ, ಪುಟಗಳ ಕೊಳೆ ತೆಗೆಯುವುದು—ಪಾಸ್ಟರ್ ಹೇಳಿದ್ದು ಇಷ್ಟು.

ಮಧ್ಯಾಹ್ನ ರಬ್ಬರ್ ಹಿಡಿದು ಕುಳಿತೆ. ಅಂಚಿನಲ್ಲೆಲ್ಲ ಪೆನ್ಸಿಲ್ ಅಂಕಿಗಳು. ಯಾರೋ ಗೀಚಿದ್ದು ಅಂದುಕೊಂಡು ಉಜ್ಜಿದೆ. ಆದಿಕಾಂಡದಿಂದ ಯಾಜಕಕಾಂಡದ ಅರ್ಧದವರೆಗೆ, ನೂರ ಐವತ್ತು ಪುಟ ಚೊಕ್ಕಟ.

ಸಂಜೆ ಅಕ್ಕ ಬಂದಳು. ಕಣ್ಣು ಕೆಂಪಗಿತ್ತು.

"ಪಾಸ್ಟರ್ ಆಗಲ್ಲ ಅಂದ್ರಾ?"

"ಆಗಲ್ಲ ಅನ್ನಲಿಲ್ಲ. ಹದಿನಾಲ್ಕಕ್ಕೆ ಕಮಿಟಿ ಮುಂದೆ ಇಡ್ತೀನಿ, ಆದ್ರೆ ಗಂಡ ಬಿಟ್ಟವಳನ್ನ ಮದುವೆಯಾದ್ರೆ ವ್ಯಭಿಚಾರ ಅನ್ನೋ ಯೇಸುವಿನ ವಚನ ಸ್ಪಷ್ಟವಾಗಿದೆ ಅಂದ್ರು."

ಅಕ್ಕನ ಗಂಡ ಹೋಗಿ ಒಂಬತ್ತು ವರ್ಷ. ಊಟದ ಮೇಜಿನ ಮೇಲೆ ಚೀಟಿ ಇಟ್ಟು ಹೋದ. ಕೋರ್ಟ್ ವಿಚ್ಛೇದನ ಕೊಟ್ಟೂ ಆಯಿತು. ಈಗ ಗಡಿಯಾರ ರಿಪೇರಿಯವರು ಮದುವೆಯಾಗೋಣ ಅಂದಿದ್ದಾರೆ. ಅಕ್ಕನಿಗೆ ನಲವತ್ತಮೂರು.

"ರಿಜಿಸ್ಟರ್ ಆಫೀಸಲ್ಲಿ ಮಾಡ್ಕೋಬಹುದಲ್ಲ ಅಕ್ಕ."

"ಇಪ್ಪತ್ತು ವರ್ಷ ಅದೇ ಚರ್ಚಲ್ಲಿ ಮಕ್ಕಳಿಗೆ ಪಾಠ ಹೇಳಿದೀನಿ. ಕಳ್ಳಿ ಥರ ಹಿಂಬಾಗಿಲಿಂದ ಯಾಕೆ ಹೋಗ್ಲಿ?"

ಕಾಫಿ ಮಾಡಿದೆ.

ಸೆಪ್ಟೆಂಬರ್ 3, ಬುಧವಾರ

ತಪ್ಪು ಮಾಡಿದೆ. ದೊಡ್ಡ ತಪ್ಪು.

ಮೇಷ್ಟ್ರು ರಟ್ಟಿನ ಬಣ್ಣ ಆರಿಸಲು ಬಂದಿದ್ದರು. ನಿವೃತ್ತರು, ಕಮಿಟಿಯ ಕಾರ್ಯದರ್ಶಿ. ರಬ್ಬರ್ ಪುಡಿ ನೋಡಿ ಹಣೆ ಚಚ್ಚಿಕೊಂಡರು.

"ಅದು ಗೀಚಿದ್ದಲ್ಲ ಕಣಮ್ಮ, ಓದಿದ ತಾರೀಖು. ಪೀಠದಲ್ಲಿ ಯಾವ ಭಾಗ ಓದಿದ್ರೋ ಅದರ ಪಕ್ಕ ಆವತ್ತಿನ ತಾರೀಖು. ಮೊದಲನೇ ಪಾಸ್ಟರ್ ಹಾಕಿಕೊಟ್ಟ ಪದ್ಧತಿ. ಅರವತ್ತೆರಡು ವರ್ಷದ್ದು."

"ಯಾಜಕಕಾಂಡದ ಅರ್ಧ ಹೋಗಿದೆ ಮೇಷ್ಟ್ರೇ."

"ಹಂಗಾದ್ರೆ ಹಳೇ ಒಡಂಬಡಿಕೆನ ನೀನೇ ರದ್ದು ಮಾಡೋಕೆ ಶುರು ಮಾಡಿದೀಯ ಅನ್ನು. ದೇವರಿಗೆ ಅರ್ಜಿ ಹಾಕಿದ್ಯಾ?"

ನಗು ಬರಲಿಲ್ಲ. ಆದರೆ ಅವರು ಹೋದ ಮೇಲೆ ಒಂದು ವಿಷಯ ಹೊಳೆಯಿತು. ಅಂದರೆ... ಉಳಿದ ಪುಸ್ತಕದಲ್ಲಿ ನಾವು ಏನು ಓದಿದೆವು, ಏನು ಬಿಟ್ಟೆವು ಎಂಬುದಕ್ಕೆ ಲಿಖಿತ ದಾಖಲೆ ಇದೆ. ನನ್ನ ಮೇಜಿನ ಮೇಲೆ.

ಸೆಪ್ಟೆಂಬರ್ 4, ಗುರುವಾರ, ಬೆಳಗ್ಗೆ 11

ಬೇರೆ ಕೆಲಸ ಪಕ್ಕಕ್ಕಿಟ್ಟೆ. ವಕೀಲರ ಫೈಲ್‌ಗಳು ಕಾಯಲಿ.

ಯೋಹಾನ ಹದಿಮೂರು: ಒಬ್ಬರ ಕಾಲನ್ನೊಬ್ಬರು ತೊಳೆಯಿರಿ ಎಂಬ ಭಾಗ. ಮೂವತ್ತೊಂದು ಸಲ ಓದಿದ್ದಾರೆ. ನಮ್ಮ ಚರ್ಚ್‌ನಲ್ಲಿ ಯಾರೂ ಯಾರ ಕಾಲನ್ನೂ ತೊಳೆದಿಲ್ಲ. ಅಮ್ಮನಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡೆ. "ನಿನ್ನ ಕಾಲು ತೊಳೆದಿದ್ದು ನಾನೊಬ್ಳೇ, ಅದೂ ನೀನು ಕೆಸರಲ್ಲಿ ಬಿದ್ದಾಗ," ಅಂದಳು.

ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು: ಒಂಬತ್ತು ಸಲ. ಮಾರಿದವರ ವರದಿ ಇಲ್ಲ.

ತಿಮೊಥೆಯನಿಗೆ ಬರೆದ ಮೊದಲ ಪತ್ರ, ಎರಡನೇ ಅಧ್ಯಾಯ: ಹೆಂಗಸರು ಮೌನವಾಗಿರಬೇಕು, ಉಪದೇಶ ಮಾಡಬಾರದು. ಆರು ತಾರೀಖು, ಆಮೇಲೆ ನಲವತ್ತೇಳು ವರ್ಷ ಏನೂ ಇಲ್ಲ. ಕೊನೆಯ ತಾರೀಖಿನ ಕೆಳಗೆ ಸಣ್ಣ ಅಕ್ಷರ: "ಇಂದು ಓದಬೇಕಿತ್ತು. ಓದಲಿಲ್ಲ. ಪ್ರಸಂಗ ಡಾಕ್ಟರಮ್ಮನವರದು."

ಅಂದರೆ ಆವತ್ತು ಪೀಠದಲ್ಲಿ ಉಪದೇಶ ಮಾಡಿದ್ದು ಒಬ್ಬ ಹೆಂಗಸು. ಬಿಟ್ಟದ್ದು ತಾನಾಗಿ ಬಿಟ್ಟುಹೋದದ್ದಲ್ಲ. ಒಬ್ಬ ಮನುಷ್ಯ ಒಂದು ಭಾನುವಾರ ಕೂತು ತೀರ್ಮಾನ ಮಾಡಿದ್ದ. ಅಕ್ಕನ ವಿಷಯದಲ್ಲೂ ಮಾಡಬಹುದು.

ಸೆಪ್ಟೆಂಬರ್ 7, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಮುಂದೆ ಎಣಿಕೆ ಬರೆದ ನೋಟ್‌ಬುಕ್ ಇಟ್ಟೆ. ಅವರು ಒಂದೂ ಸಾಲು ಬಿಡದೆ ಓದಿದರು. ಸಿಟ್ಟಾಗಲಿಲ್ಲ. ಅದೇ ಕಷ್ಟ, ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಎಣಿಸಿದ್ದು ಸರಿಯಾಗಿದೆ. ಇದರಿಂದ ಏನು ಹೇಳ್ತೀಯ?"

"ಇಷ್ಟೆಲ್ಲ ಬಿಟ್ಟಿದೀವಿ. ಇದೊಂದನ್ನ ಬಿಡೋಕೆ ಏನು ಅಡ್ಡಿ?"

"ಬಡವರಿಗೆ ಕೊಡು ಅನ್ನೋದನ್ನ ನಾವು ಸರಿಯಾಗಿ ಮಾಡಿಲ್ಲ. ಹಂಗಂತ ಅದನ್ನೂ ಹೊಡೆದು ಹಾಕೋಣ್ವಾ? ನಮ್ಮ ಸೋಮಾರಿತನನೇ ನಿಯಮ ಮಾಡಬೇಕಾ?"

ನೋಟ್‌ಬುಕ್ ಎತ್ತಿಕೊಂಡೆ. ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಒಳ್ಳೊಳ್ಳೆಯ ಉತ್ತರಗಳು ಹೊಳೆದವು, ಒಂದೂ ಗಟ್ಟಿ ನಿಲ್ಲಲಿಲ್ಲ.

ಸೆಪ್ಟೆಂಬರ್ 10, ಬುಧವಾರ, ಮಧ್ಯಾಹ್ನ 2

ಯಾಜಕಕಾಂಡ ಹತ್ತೊಂಬತ್ತು. ಎರಡು ಹಾಳೆಗಳ ಮೇಲಂಚು ಇನ್ನೂ ಅಂಟಿಕೊಂಡೇ ಇದೆ. ಅಚ್ಚಿನ ಮನೆಯಲ್ಲಿ ಕತ್ತರಿಸಲು ಮರೆತದ್ದು. ಅರವತ್ತೆರಡು ವರ್ಷ ಯಾರೂ ಬಿಡಿಸಿ ನೋಡಿಲ್ಲ. ಚಾಕು ಹಾಕಿ ಬಿಡಿಸಿದೆ. ಒಳಗಿನ ಪುಟ ಹೊಸದರಂತೆ ಬಿಳಿ.

ಓದಿದೆ. ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಹಾಕಬಾರದು. ನಾನು ಹಾಕಿಕೊಂಡಿದ್ದದ್ದು ಕಾಟನ್-ಪಾಲಿಯೆಸ್ಟರ್. ಅದರ ಹಿಂದಿನ ವಚನವೇ ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು.

ಪಕ್ಕಪಕ್ಕ. ನಡುವೆ ಗೆರೆಯೂ ಇಲ್ಲ. ಓದದ ಪುಟದಲ್ಲಿ, ನಾವು ಎಲ್ಲಕ್ಕಿಂತ ದೊಡ್ಡದೆಂದು ಹೇಳುವ ಮಾತು.

ನನ್ನ ಎಣಿಕೆ ಒಂದೇ ಹೊಡೆತಕ್ಕೆ ಬಿತ್ತು. ಎಷ್ಟು ಸಲ ಓದಿದರು ಎಂಬುದಕ್ಕೂ ಯಾವುದನ್ನು ಉಳಿಸಿಕೊಂಡರು ಎಂಬುದಕ್ಕೂ ಸಂಬಂಧವಿಲ್ಲ; ಪ್ರೀತಿಸು ಎಂಬುದನ್ನು ಉಳಿಸಿ ನೂಲಿನ ಮಾತು ಬಿಟ್ಟದ್ದು ನಾವೇ. ಬೇಜಾರಾಗಬೇಕಿತ್ತು. ಆಗಲಿಲ್ಲ. ಅಂಗಡಿ ಬಾಗಿಲು ಎಳೆದುಕೊಂಡು ಅಕ್ಕನ ಆಫೀಸಿಗೆ ಓಡಿದೆ, ಕೈಯಲ್ಲಿ ಅಂಟು ಹಾಗೇ ಇತ್ತು.

ಅಕ್ಕ ಎಲ್ಲ ಕೇಳಿಸಿಕೊಂಡು, ಅಂಟು ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. ಆಮೇಲೆ: "ನನಗೆ ಅಡ್ಡ ಇಟ್ಟಿರೋ ವಚನ, ಮತ್ತಾಯ ಹತ್ತೊಂಬತ್ತು, ನೋಡಿದ್ಯಾ?"

"ಹದಿನೇಳು ಸಲ ಓದಿದಾರೆ."

"ಎಷ್ಟು ಸಲ ಅಂತ ಕೇಳ್ಲಿಲ್ಲ ಕಣೆ. ಯಾರಿಗೆ ಹೇಳಿದ್ದು ಅಂತ ನೋಡಿದ್ಯಾ?"

ನೋಡಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಎಲ್ಲವನ್ನೂ ಬರೆದಿಡಬೇಕು, ಮರೆಯುವ ಮೊದಲು.

ಚರ್ಚ್‌ನ ಹಿಂದಿನ ಕೋಣೆ. ಕಮಿಟಿಯ ಐವರು, ಅಕ್ಕ, ನಾನು. ಮೊದಲು ನನ್ನ ತಪ್ಪು ಒಪ್ಪಿಕೊಂಡೆ, ನೂರ ಐವತ್ತು ಪುಟದ ತಾರೀಖು ಅಳಿಸಿದ್ದು. ಆಮೇಲೆ ಎಣಿಸಿದ್ದು, ಎಣಿಕೆ ಸೋತದ್ದು, ಎರಡನ್ನೂ ಹೇಳಿದೆ. ಕೊನೆಗೆ ಇಷ್ಟು ಸೇರಿಸಿದೆ: "ಹತ್ತು ನಿಮಿಷದಿಂದ ಮಾತಾಡ್ತಿದೀನಿ. ಹೆಂಗಸು ಸುಮ್ಮನಿರಬೇಕು ಅಂತ ಯಾರೂ ವಚನ ತೆಗೀಲಿಲ್ಲ."

ಮೇಷ್ಟ್ರು ಕೆಮ್ಮಿದರು. "ತೆಗೆದ್ರೆ ಮನೇಲಿ ಊಟ ಸಿಗಲ್ಲ."

ಕಮಿಟಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಔಷಧಿ ಅಂಗಡಿಯವರು ನಗಲಿಲ್ಲ. "ಅದು ಬೇರೆ, ಇದು ಬೇರೆ. ಇದು ಯೇಸುವಿನ ಬಾಯಿಂದ ಬಂದ ಮಾತು. ಇದನ್ನ ಓದದೆ ದಾಟಿ ಹೋಗೋಕಾಗಲ್ಲ."

ಆಗ ಅಕ್ಕ ಎದ್ದು ಅವರ ಕಡೆ ತಿರುಗಿದಳು.

"ದಾಟಿ ಹೋಗಿ ಅಂತ ನಾನೂ ಕೇಳ್ತಿಲ್ಲ. ಓದಿ. ನನ್ನ ಮದುವೆ ದಿನಾನೇ ಓದಿ. ಯಾವ ಕಾರಣಕ್ಕಾದ್ರೂ ಹೆಂಡತಿನ ಬಿಡಬಹುದಾ ಅಂತ ಕೇಳಿದ್ದು ಗಂಡಸರು. ಬಿಟ್ಟೆ ಅಂತ ಕೈಗೊಂದು ತ್ಯಾಗಪತ್ರ ಕೊಟ್ಟು ಹೊರಗೆ ಕಳಿಸ್ತಿದ್ದ ಕಾಲ. ಅವರಿಗೆ ಆತ ಹೇಳಿದ್ದು, ನಿಮ್ಮ ಮನಸ್ಸು ಕಲ್ಲಾಗಿದೆ ಅಂತ. ನನ್ನ ಮನೆ ಮೇಜಿನ ಮೇಲೂ ಒಂದು ಚೀಟಿ ಇತ್ತು, ಅಣ್ಣ. ಆ ವಚನ ನನ್ನ ವಿರುದ್ಧ ಹೇಳಿದ ಮಾತಲ್ಲ. ನನ್ನ ಪರವಾಗಿ ಹೇಳಿದ ಮಾತು. ಅದನ್ನ ತಗೊಂಡು ನನ್ನನ್ನೇ ಹೊರಗೆ ನಿಲ್ಲಿಸ್ತೀರಾ?"

ಪಾಸ್ಟರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಎರಡು ವಾರ ಬೇಕು ಅಂದರು.

ಸೆಪ್ಟೆಂಬರ್ 27, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಹೊಲಿದೆ, ಬರೀ ಹೊಲಿದೆ.

ಇಂದು ಪಾಸ್ಟರ್ ಅಂಗಡಿಗೇ ಬಂದರು. ಮತ್ತಾಯನ ಹಾಳೆ ಕೇಳಿದರು. ನಿಂತುಕೊಂಡೇ ಓದಿದರು, ತುಟಿ ಅಲ್ಲಾಡುತ್ತಿತ್ತು.

"ಹದಿನೇಳರಲ್ಲಿ ನಾಲ್ಕು ಸಲ ನಾನೇ ಓದಿದ್ದು. ನಾಲ್ಕೂ ಸಲ ಉತ್ತರ ಓದಿದೆ. ಪ್ರಶ್ನೆ ಕೇಳಿದ್ದು ಯಾರು ಅಂತ ನೋಡಲೇ ಇಲ್ಲ." ಹಾಳೆ ಹಿಂದಕ್ಕೆ ಕೊಟ್ಟರು. "ಹನ್ನೊಂದನೇ ತಾರೀಖಿನೊಳಗೆ ಪುಸ್ತಕ ಮುಗಿಯುತ್ತಾ?"

"ಯಾಕೆ?"

"ಮದುವೆಗೆ ಬೇಕಲ್ಲಮ್ಮ."

ನಾಲ್ಕು ಮತ, ಒಂದು ವಿರೋಧ. ಔಷಧಿ ಅಂಗಡಿಯವರು ಬರುವುದಿಲ್ಲವಂತೆ. ಅಕ್ಕ ಅವರ ಮನೆಗೇ ಹೋಗಿ ಕರೆದು ಬಂದಳಂತೆ. ಬಾಗಿಲು ತೆಗೆದರು, ಕೂರಿಸಿದರು, ಬರುತ್ತೇನೆ ಅನ್ನಲಿಲ್ಲ.

ಅಕ್ಟೋಬರ್ 11, ಶನಿವಾರ, ಬೆಳಗ್ಗೆ 9:40

ಪೀಠದ ಪಕ್ಕದ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಹೊಸ ರಟ್ಟು ಕಡುಗೆಂಪು. ಬೆನ್ನು ಬಿಗಿಯಾಗಿದೆ, ತೆರೆದರೆ ಸಣ್ಣಗೆ ಕಿರುಗುಟ್ಟುತ್ತದೆ.

ಓದುವುದು ನಾನು. ಅಕ್ಕನ ಹಟ. ಪೆನ್ಸಿಲ್ ಚೂಪು ಮಾಡಿ ಜೇಬಿನಲ್ಲಿಟ್ಟಿದ್ದೇನೆ. ಮತ್ತಾಯನ ಹಾಳೆಯಲ್ಲಿ ಆ ಹದಿನೇಳರ ಕೆಳಗೆ ಹದಿನೆಂಟನೆಯ ತಾರೀಖು ಓದಿದ ಮೇಲೆ ಹಾಕಬೇಕು, ಮೊದಲೇ ಹಾಕುವಂತಿಲ್ಲ, ಪದ್ಧತಿ.

ಗಡಿಯಾರದವರು ಇನ್ನೂ ಬಂದಿಲ್ಲ. ಊರಿನ ಗಡಿಯಾರಗಳೆಲ್ಲ ಅವರ ಕೈಯಲ್ಲಿವೆ, ಬಂದದ್ದು ಮಾತ್ರ ಯಾವತ್ತೂ ತಡವಾಗಿಯೇ. ಅಕ್ಕ ನಗುತ್ತಿದ್ದಾಳೆ, ಇಲ್ಲಿಗೆ ಕೇಳುತ್ತಿದೆ.

ಬಂದರು. ಕಿಟಕಿಯಿಂದ ಕಾಣುತ್ತಿದೆ, ಗೇಟಿನಲ್ಲಿ ಅವರ ಹಿಂದೆ ಇನ್ನೊಬ್ಬರು, ಕೊಡೆ ಊರಿಕೊಂಡು ನಿಧಾನವಾಗಿ... ಔಷಧಿ ಅಂಗಡಿಯವರ ನಡಿಗೆ ಹಾಗೇ. ಒಳಗೆ ಬರುತ್ತಾರೋ ಇಲ್ಲವೋ... ಮೆಟ್ಟಿಲ ಹತ್ತಿರ ನಿಂತರು. ಟೋಪಿ ತೆಗೆದರು. ಗಂಟೆ ಹೊಡೆಯಿತು, ನನ್ನನ್ನು ಕರೆಯುತ್ತಿದ್ದಾರೆ, ಈಗ ಅವರ ಒಂದು ಕಾಲು ಮೆಟ್ಟಿಲ ಮೇಲೆ—