ಹೆಸರು ಕತ್ತರಿಸಿದ ದನಿ

ಸಂಕಟಕಾಲದ ಭಾಷಾಂತರ ಸಂಸ್ಥೆಯ ಮುಖ್ಯಸ್ಥರಿಗೆ,

ಕತ್ತರಿ ಹಿಡಿದ ಮಾನ್ಯರೇ,

ನಾನು ಹಿಲಾರಿಯೊ ಕಾಲ್ಮೊ. ಗ್ವಾಟೆಮಾಲಾದ ಬೆಟ್ಟದೂರಿನ ಬಾಲ್ತಸಾರನ ಮಗ. ಈಗ ಒರೆಗಾನಿನ ಕ್ರಿಸ್‌ಮಸ್ ಮರಗಳ ತೋಟದಲ್ಲಿ ಕೆಲಸ. ಯಾರ ಮಗನೆಂದು ಹೇಳದೆ ಬಾಯಿ ತೆರೆಯುವುದು ಮಾಯಾ ಕುಲದ ನಮ್ಮ ಮಾಮ್ ಜನರಲ್ಲಿಲ್ಲ. ನೀವು ಕತ್ತರಿಸಿ ಎಸೆದದ್ದು ಈ ಒಂದು ಸಾಲನ್ನೇ. ಅದರಿಂದ ನನ್ನ ಅಕ್ಕ ನಿಕೊಲಾಸ ಕಾಡ್ಗಿಚ್ಚಿನಲ್ಲಿ ಸುಟ್ಟುಹೋದಳು.

ನನ್ನನ್ನು ಕಡಿಮೆ ಎಣಿಸಬೇಡಿ. ಓದಿದ್ದು ಊರ ಶಾಲೆಯಲ್ಲಿ, ಅದೂ ಮೇಷ್ಟ್ರು ಬಂದ ದಿನಗಳಲ್ಲಿ ಮಾತ್ರ. ಆದರೆ ಮಾಮ್ ಮಾತಿನಲ್ಲಿ ಈ ಕಣಿವೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಊರಲ್ಲಿದ್ದಾಗ ನಾನು ಕೂಗಿದರೆ ಪಕ್ಕದೂರಿನ ಕುರಿಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವು. ಇಂಥ ಗಂಟಲನ್ನು ಬಿಟ್ಟು ನೀವು ಕಾಡ್ಗಿಚ್ಚಿನ ಎಚ್ಚರಿಕೆ ಓದಿಸಲು ಅಕ್ಕನ ಮಗಳು ಫಿದೆಲಿಯಳನ್ನು ಆರಿಸಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಅವಳು ಚೆನ್ನಾಗಿಯೇ ಓದಿದಳು. "ನಾನು ಫಿದೆಲಿಯ, ನಿಕೊಲಾಸಳ ಮಗಳು" ಎಂದೇ ಶುರುಮಾಡಿದಳು. ನಿಮ್ಮ ಕಚೇರಿಯ ವಿದ್ಯಾವಂತರು ಅದನ್ನು "ಅನಗತ್ಯ ಮಾಹಿತಿ" ಎಂದು ತೆಗೆದರು. ಉಳಿದದ್ದೇನು? "ಬೆಟ್ಟದಿಂದ ಕೆಳಗೆ ಬನ್ನಿ. ಮಕ್ಕಳನ್ನೂ ಕರೆತನ್ನಿ. ಶಾಲೆಯ ಹತ್ತಿರ ಸೇರಿ. ನಿಮಗೇನೂ ಆಗುವುದಿಲ್ಲ."

ಮಾನ್ಯರೇ, ಈ ಮಾತುಗಳನ್ನು ನಾವು ಮೊದಲೇ ಕೇಳಿದ್ದೆವು. ಗ್ವಾಟೆಮಾಲಾದ ಯುದ್ಧದ ಕಾಲದಲ್ಲಿ ಸೈನ್ಯದ ಹೆಲಿಕಾಪ್ಟರ್ ನಮ್ಮ ಬೆಟ್ಟವನ್ನು ಸುತ್ತುತ್ತ, ಧ್ವನಿವರ್ಧಕದಲ್ಲಿ, ಶುದ್ಧ ಮಾಮ್‌ನಲ್ಲಿ ಹೀಗೇ ಕರೆದಿತ್ತು. ಯಾರ ಮಗ, ಯಾವ ಊರು, ಒಂದೂ ಹೇಳದ ದನಿ. ಅಪ್ಪ ನಂಬಿ ಇಳಿದುಹೋದ; ಮತ್ತೆ ಬರಲಿಲ್ಲ. ಕೊರಕಲಿನಲ್ಲಿ ಅಡಗಿದ್ದ ನಾನು ಅವನನ್ನು ಕೂಗಿ ಕರೆಯದಂತೆ ಅಕ್ಕ ನನ್ನ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದಳು. ಈ ಬಾಯಿಯನ್ನು ಮುಚ್ಚಿಸಿದ್ದು ಲೋಕದಲ್ಲಿ ಅವಳೊಬ್ಬಳೇ.

ಇಲ್ಲಿ ಬೆಂಕಿ ಬಂದ ಮಧ್ಯಾಹ್ನ ಅಕ್ಕ ತೋಟದ ಬೆಟ್ಟದ ಮೇಲಿನ ಮನೆಯಲ್ಲಿದ್ದಳು, ನಾನು ಹೊಳೆಯಾಚೆ ಕೆಲಸದಲ್ಲಿದ್ದೆ. ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಫಿದೆಲಿಯಳ ಮುದ್ರಿಸಿಟ್ಟ ದನಿ ತಗಡು ಬಡಿದಂತೆ ಕೇಳುತ್ತಿತ್ತಂತೆ. ನೆರೆಮನೆಯ ಸಾಂತೋಸ್ ಅಕ್ಕನ ಬಾಗಿಲಿಗೆ ಓಡಿದ್ದಾನೆ.

"ಅಕ್ಕಾ, ವ್ಯಾನು ನಿಂತಿದೆ, ಬೇಗ ಬಾ! ಕರೀತಿದಾರೆ, ಕೇಳಿಸ್ತಿಲ್ವಾ?"

"ಕೇಳಿಸ್ತಿದೆ ಕಣೋ, ಅದಕ್ಕೇ ಬರಲ್ಲ. ಯಾರೋ ಅವಳು? ಯಾರ ಮಗಳಂತೆ?"

"ಅಯ್ಯೋ, ನಿನ್ನ ಫಿದೆಲಿಯಾನೇ ಕಣಕ್ಕಾ!"

"ನನ್ನ ಮಗಳಾಗಿದ್ರೆ ನನ್ನ ಹೆಸರು ಹೇಳ್ತಿರ್ಲಿಲ್ವಾ? ಅಮ್ಮನ ಹೆಸರು ನುಂಗೋಳನ್ನ ನಾನು ಹೆತ್ತಿಲ್ಲ. ನೀನೂ ಹೋಗ್ಬೇಡ ಮುಠ್ಠಾಳ, ಬಾ, ಅವಿತ್ಕೋ."

ಹಾಗೆಂದವಳು ಮರಗಳ ಸಾಲಿನೊಳಗೆ ನುಗ್ಗಿದಳು. ಸಾಂತೋಸ್ ಹಿಂದೆ ಓಡುವಷ್ಟರಲ್ಲಿ ಹೊಗೆ ಇಬ್ಬರ ನಡುವೆ ಇಳಿಯಿತು.

ನಿಮ್ಮ ಸಂಸ್ಥೆಗೆ ಈ ವರ್ಷ ಮಾನವ ಹಕ್ಕುಗಳ ಪ್ರಶಸ್ತಿ ಬಂತಂತೆ. ಅಭಿನಂದನೆಗಳು. ತಾಯ್ನುಡಿಯಲ್ಲಿ ಎಚ್ಚರಿಕೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ವೇದಿಕೆಯಲ್ಲಿ ನುಡಿದಿರಿ. ಆ ತಾಯ್ನುಡಿಯಲ್ಲಿ ತಾಯಿಯ ಹೆಸರಿಗೆ ಜಾಗವಿಲ್ಲವೇ? ನಿಮ್ಮ ಭಾಷಣಕ್ಕೆ ಮೊದಲು ನಿಮ್ಮ ಹೆಸರು, ಹುದ್ದೆ, ಪದವಿಗಳನ್ನೆಲ್ಲ ಯಾರೋ ಓದಿದರಲ್ಲ, ಅದು ಅಗತ್ಯ ಮಾಹಿತಿಯೇ?

ಈಗಲೂ ತಿಂಗಳಿಗೊಮ್ಮೆ ಪರೀಕ್ಷೆಗೆಂದು ಆ ಕಂಬ ಕೂಗುತ್ತದೆ. ಮೊದಲು ಸೈರನ್, ಆಮೇಲೆ ಚೂರು ಮೌನ, ಆಮೇಲೆ ಮಾತು. ಫಿದೆಲಿಯ ತೊರ್ತಿಯಾ ರೊಟ್ಟಿ ತಟ್ಟುವುದನ್ನು ಬಿಟ್ಟು ಕಿಟಕಿಗೆ ಬರುತ್ತಾಳೆ. ಆ ಚೂರು ಮೌನದೊಳಗೆ ಅವಸರ ಅವಸರವಾಗಿ ಪಿಸುಗುಡುತ್ತಾಳೆ, "ನಾನು ಫಿದೆಲಿಯ, ನಿಕೊಲಾಸಳ ಮಗಳು." ಬೆನ್ನಿಗೇ ಅವಳದೇ ದನಿ ಬೆಟ್ಟವನ್ನು ಕರೆಯುತ್ತದೆ.

"ಮಾವ, ಅಮ್ಮಂಗೆ ಕೇಳಿಸಿರುತ್ತಾ?" ಎಂದು ನನ್ನನ್ನು ಕೇಳುತ್ತಾಳೆ. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ನಮ್ಮೂರಿಂದಲೇ ಬಂದ ಅಕ್ಕನ ವಾರಿಗೆಯವರು ಇನ್ನೂ ಇಲ್ಲಿನ ಆ ತೋಟದ ಬೆಟ್ಟದ ಮೇಲಿದ್ದಾರೆ. ಆ ದನಿ ಕರೆದರೆ ಇಳಿಯುವುದಿಲ್ಲ ಎಂದು ನನಗೇ ಹೇಳಿದ್ದಾರೆ. ಬೇಸಿಗೆಗೆ ಕಾಡು ಮತ್ತೆ ಒಣಗುತ್ತದೆ. ನನಗೆ ನಿಮ್ಮ ಕ್ಷಮೆ ಬೇಡ, ಸಂತಾಪದ ಹೂಗುಚ್ಛವೂ ಬೇಡ. ಮುಂದಿನ ಪರೀಕ್ಷೆಯೊಳಗೆ ಆ ಮೌನದ ಜಾಗದಲ್ಲಿ ಅವಳ ಸಾಲನ್ನು ಮರಳಿ ಇಡಿ. ನನ್ನ ಅಕ್ಕನ ಹೆಸರನ್ನು ಆ ಬೆಟ್ಟ ಒಮ್ಮೆ ಗಟ್ಟಿಯಾಗಿ ಕೇಳಲಿ.

ಇಂತಿ,
ಬಾಯಿ ಮುಚ್ಚಿಸುವ ಕೈ ಇನ್ನಿಲ್ಲದ,
ಬಾಲ್ತಸಾರನ ಮಗ, ನಿಕೊಲಾಸಳ ತಮ್ಮ,
ಹಿಲಾರಿಯೊ