ಇಪ್ಪತ್ತೊಂದನೆಯ ಸೈಕಲ್

ಹಿರೇಹಡಗಲಿ
ಭಾನುವಾರ, ೧ ಡಿಸೆಂಬರ್ ೨೦೨೪

ಅರುಣಕುಮಾರ್ ಅವರಿಗೆ,

ಶರಣು. ಬೇರೆಯಾಗಿ ನಾಲ್ಕು ವರ್ಷವಾದ ಮೇಲೆ ಹೆಂಡತಿ ಗಂಡನಿಗೆ ಪತ್ರ ಬರೆದರೆ ಏನೆಂದು ಶುರು ಮಾಡಬೇಕೋ ನನಗೆ ತಿಳಿಯದು. ಮಕ್ಕಳಿಗೆ ಪತ್ರಲೇಖನ ಕಲಿಸುವ ಕನ್ನಡ ಟೀಚರು ನಾನು, ನನಗೇ ಒಕ್ಕಣೆ ಹೊಳೆಯುತ್ತಿಲ್ಲ. ನಗಬೇಡಿ. ಸೈಕಲ್ ವಿಷಯಕ್ಕೆ ಮೂರು ಸಲ ಫೋನಿನಲ್ಲಿ ಮಾತಾಡಿದೆವು, ಮೂರು ಸಲವೂ ನೀವು "ಗಿರಾಕಿ ಬಂದಾರ" ಎಂದು ಇಟ್ಟುಬಿಟ್ಟಿರಿ. ಕಾಗದವಾದರೆ ಅಂಗಡಿ ಮುಚ್ಚಿದ ಮೇಲಾದರೂ ಪೂರ್ತಿ ಓದುತ್ತೀರಿ.

ಹೋದ ವಾರ, ಇಪ್ಪತ್ತಮೂರನೇ ತಾರೀಖು, ನಮ್ಮ ಶಾಲೆಗೆ ಬಂದು ಇಪ್ಪತ್ತು ಮಕ್ಕಳಿಗೆ ಸೈಕಲ್ ಕೊಟ್ಟಿರಿ. ಒಂದು ಉಳಿಯಿತು. ಹೊರಡುವಾಗ ಅದರ ಸೀಟಿನ ಮೇಲೆ ಕೈಯಿಟ್ಟು, "ಇದು ಯಾರದು?" ಎಂದಿರಿ. ಅವತ್ತು ನನ್ನೊಡನೆ ಆಡಿದ್ದು ಅದೊಂದೇ ಮಾತು. ಆ ಹುಡುಗಿಗೆ ಜ್ವರ, ಸೋಮವಾರ ಕೊಡುತ್ತೇನೆ ಎಂದೆ. ಸುಳ್ಳು ಹೇಳಿದೆ. ಸಂಗೀತಾ ಶಾಲೆ ಬಿಟ್ಟಿದ್ದಾಳೆ. ನೀವು ಬರುವ ನಾಲ್ಕು ದಿನ ಮುಂಚೆ ಅವಳಪ್ಪ ಯರ್ರಿಸ್ವಾಮಿ ಅವಳನ್ನು ಕುರಿಹಿಂಡಿನ ಜೊತೆ ಕರೆದುಕೊಂಡು ಹೋದ. ಮಾರ್ಚಿನಲ್ಲಿ ಅವಳು ಹತ್ತನೆಯ ತರಗತಿಯ ಪರೀಕ್ಷೆ ಬರೆಯಬೇಕಿತ್ತು. ಅವರ ಹಟ್ಟಿಯಿಂದ ಹತ್ತನೆಯ ತನಕ ಬಂದ ಮೊದಲ ಕುರಿಗಾಹಿ ಮನೆಯ ಹೆಣ್ಣುಮಗಳು ಅವಳು.

ಮಕ್ಕಳ ಎತ್ತರ ಅಳೆದು ಕಳಿಸಿ ಎಂದು ನೀವು ಹೇಳಿದ್ದಿರಲ್ಲ, ಆ ಪಟ್ಟಿಯಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. ನಾಲ್ಕಡಿ ನಾಲ್ಕಿಂಚು. ಕೊಟ್ಟೂರಿನ ಮನೆಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆ ಸೈಕಲ್ಲುಗಳನ್ನು ಕೇಳಿ ತಂದು, ಟಯರು ಬದಲಿಸಿ, ಒಂದೊಂದು ಸೀಟನ್ನೂ ಒಬ್ಬೊಬ್ಬರ ಅಳತೆಗೆ ಕೂರಿಸಿ, ಹ್ಯಾಂಡಲ್ಲಿಗೆ ಹೆಸರಿನ ಚೀಟಿ ಕಟ್ಟಿ ಕಳಿಸಿದಿರಿ. ಅವಳ ಸೈಕಲ್ಲಿನ ಪೆಡಲ್ಲಿಗೆ ಕಾಲು ಎಟುಕಲೆಂದು ಕಟ್ಟಿಗೆಯ ತುಂಡು ಬಿಗಿದಿದ್ದಿರಿ. ಅದನ್ನು ನೋಡಿ ನಿಮ್ಮ ಮೇಲಿದ್ದ ಸಿಟ್ಟು ಅರ್ಧ ಇಳಿದುಹೋಯಿತು. ಅರ್ಧ ಮಾತ್ರ, ಹೆಚ್ಚು ಬೀಗಬೇಡಿ.

ಸೈಕಲ್ಲುಗಳು ಬಂದದ್ದು ದಸರಾ ರಜೆ ಮುಗಿದ ಮೇಲೆ, ಅಕ್ಟೋಬರ್ ಇಪ್ಪತ್ತೊಂದಕ್ಕೆ. ವಿಜ್ಞಾನದ ಕೋಣೆಯಲ್ಲಿಟ್ಟು ಬೀಗ ಹಾಕಿದೆವು. ವೇದಿಕೆ, ಬ್ಯಾನರು, ಶಾಲು, ಫೋಟೊ ಇಲ್ಲದೆ ಕೊಟ್ಟರೆ ನಮ್ಮ ಕಡೆ ಅದು ಕೊಟ್ಟ ಲೆಕ್ಕವೇ ಅಲ್ಲ, ನಿಮಗೂ ಗೊತ್ತು. ದಾನಿಗಳು ಬರದೆ ಹಂಚಬಾರದೆಂದು ಶಾಲಾ ಸಮಿತಿಯವರ ತೀರ್ಮಾನವಾಯಿತು. ಮೊದಲು ಅಕ್ಟೋಬರ್ ಮೂವತ್ತು ಎಂದೆವು. ನಿಮಗೆ ಆಗಲಿಲ್ಲ. ಆಮೇಲೆ ನವೆಂಬರ್ ಒಂಬತ್ತು. ಅದೂ ಆಗಲಿಲ್ಲ. ಕೊನೆಗೆ ಇಪ್ಪತ್ತಮೂರು.

ಸಂಗೀತಾ ದಿನಾ ಊಟದ ಬಿಡುವಿನಲ್ಲಿ ಆ ಕೋಣೆಯ ಕಿಟಕಿಗೆ ಜೋತುಬಿದ್ದು ತನ್ನ ಹೆಸರಿನ ಚೀಟಿ ನೋಡುತ್ತಿದ್ದಳು. ಒಂದು ದಿನ ನನ್ನ ಹಿಂದೆಯೇ ಬಂದು ಕೇಳಿದಳು: "ಮಿಸ್, ಒಂದ್ ರಾತ್ರಿ ಮನಿಗೆ ಒಯ್ಯಲೇನ್ರಿ? ನಮ್ಮಪ್ಪಗ ತೋರಿಸಿ ಮುಂಜಾನೆ ತಂದು ಇಡ್ತೀನಿ. ಚೀಟಿ ಸೈತ ಬಿಚ್ಚಂಗಿಲ್ಲ." ಸಮಾರಂಭಕ್ಕೆ ಮುಂಚೆ ಕೊಡುವ ಹಾಗಿಲ್ಲ, ಸುಮ್ಮನೆ ತಲೆ ತಿನ್ನಬೇಡ ಎಂದು ಗದರಿದೆ. ಮತ್ತೆ ಅವಳು ಕೇಳಲಿಲ್ಲ.

ಅವಳಪ್ಪನೂ ಬಂದಿದ್ದ, ಹದಿನೈದನೇ ತಾರೀಖು. ಕೆರ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಹಟ್ಟಿಯಿಂದ ಶಾಲೆಗೆ ಆರು ಕಿಲೋಮೀಟರು, ದಾರಿಯಲ್ಲಿ ಒಂದು ಮನೆಯೂ ಇಲ್ಲ. ಅರ್ಧ ದಾರಿ ಅವನೇ ಮಗಳ ಜೊತೆ ನಡೆಯುತ್ತಿದ್ದ. ಇನ್ನು ಕುರಿ ಹೊಡೆದುಕೊಂಡು ಹೊರಡಬೇಕು. "ಟೀಚರಮ್ಮ, ನಮ್ಮ ಹಟ್ಟಿ ಗಾದಿಲಿಂಗನ ಹೆಣ್ಮಕ್ಕಳು ಸೈಕಲ್ ಮ್ಯಾಲೆ ಹೋಗ್ತಾರ. ಇಕಿಗೂ ಸೈಕಲ್ ಸಿಕ್ಕರ ಅವರ ಜೋಡಿ ಹೋಗ್ತಾಳ, ನಮ್ಮವ್ವನ ಹತ್ರ ಬಿಟ್ಟು ಹೋಗ್ತೀನಿ. ಒಬ್ಬಾಕಿ ನಡಿಯೋದಾದ್ರ ಬಿಡಂಗಿಲ್ರಿ" ಎಂದ. ಇಪ್ಪತ್ತಮೂರಕ್ಕೆ ಖಂಡಿತ ಕೊಡುತ್ತೇವೆ ಎಂದೆ. ಅವನು ನೆಲ ನೋಡುತ್ತ, "ಎರಡು ಸಲ ಹಿಂಗ ಅಂದ್ರಿ. ಕುರಿಗೆ ತಾರೀಖು ತಿಳಿಯಂಗಿಲ್ರಿ" ಎಂದು ಹೊರಟ. ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿದ. ನಾನು ಹಾಜರಿ ಪುಸ್ತಕ ತೆಗೆದೆ.

ಕನಕ ಜಯಂತಿಯ ರಜೆ ಮುಗಿಸಿಕೊಂಡು ಮಂಗಳವಾರ ಶಾಲೆಗೆ ಹೋದರೆ ಅವಳಿಲ್ಲ. ಸಂಜೆ ಹಟ್ಟಿಗೆ ಓಡಿದೆ. ಅವಳಜ್ಜಿ ಭರಮಮ್ಮ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. "ನಸುಕಿನಾಗ ಹೋದ್ರವ್ವ. ಪುಸ್ತಕ ಕುದುರಿ ಮ್ಯಾಲೆ ಹೇರ್ಕೊಂಡಾಳ. ಮುಂಗಾರಿಗೆ ತಿರುಗಿ ಬರ್ತಾರ. ಬಂದ ಮ್ಯಾಲೆ ಎಲ್ಲಿ ಶಾಲಿ, ಗಂಡು ನೋಡ್ತಾರ" ಎಂದಳು. ಆ ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಡಿಯಲು ಮಜ್ಜಿಗೆ ಕೊಟ್ಟಳು.

ಯರ್ರಿಸ್ವಾಮಿಯ ಫೋನ್ ಹತ್ತಿದ್ದು ಸಮಾರಂಭದ ಮರುದಿನ. ಹೊಳೆ ದಾಟಿ ಆಗಿತ್ತು. ಬಸ್ಸು ಹತ್ತಿಸಿ ಕಳಿಸು, ನನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತೇನೆ ಎಂದು ಬೇಡಿಕೊಂಡೆ. "ಆವತ್ತು ಒಂದ್ ಮಾತು ಅಂದಿದ್ರ ಆಗ್ತಿತ್ತಲ್ರಿ" ಎಂದು ಮಗಳ ಕೈಗೆ ಫೋನ್ ಕೊಟ್ಟ. ಅವಳು ಸೈಕಲ್ಲಿನ ಮಾತೇ ಎತ್ತಲಿಲ್ಲ. "ಮಿಸ್, ಸಮಾರಂಭ ಚೊಲೋ ಆತೇನ್ರಿ?" ಎಂದಳು. ಚೆನ್ನಾಗಿ ಆಯಿತು ಎಂದೆ. ಆಮೇಲೆ ಬರೀ ಗಾಳಿಯ ಸದ್ದು, ನಾಯಿ ಬೊಗಳುವ ಸದ್ದು ಕೇಳಿಸಿತು.

ಅವತ್ತಿನಿಂದ ಅನ್ನ ರುಚಿಸುತ್ತಿಲ್ಲ, ಪಾಠ ಮಾಡಲಾಗುತ್ತಿಲ್ಲ. ತರಗತಿಯಲ್ಲಿ ಅವಳ ಹೆಸರು ಕೂಗಲು ನಾಲಗೆ ಬರುವುದಿಲ್ಲ, ಬಿಟ್ಟು ಮುಂದೆ ಹೋಗುತ್ತೇನೆ. ಪರೀಕ್ಷೆಯ ಅರ್ಜಿಯನ್ನು ಮಾತ್ರ ಅವಳ ಹೆಸರಿನಲ್ಲಿ ತುಂಬಿ ಕಳಿಸಿದ್ದೇನೆ. ಬರುತ್ತಾಳೆಂಬ ಧೈರ್ಯದಿಂದಲ್ಲ. ನಾನೇ ಅವಳ ಹೆಸರು ಹೊಡೆದು ಹಾಕಲಾರೆ, ಅದಕ್ಕೆ. ಆ ಸೈಕಲ್ಲನ್ನು ಬೇರೆ ಯಾರಿಗಾದರೂ ಕೊಡು ಎನ್ನುವುದಾದರೆ ನೀವೇ ಬಂದು ಚೀಟಿ ಬಿಚ್ಚಿ. ನನ್ನ ಕೈಯಲ್ಲಿ ಆಗದು.

ಬೆನ್ನುನೋವಿಗೆ ಎಣ್ಣೆ ಹಚ್ಚಿಕೊಳ್ಳಿ. ಅವತ್ತು ಬಗ್ಗಿ ಏಳುವಾಗ ಗೋಡೆ ಹಿಡಿದದ್ದನ್ನು ನೋಡಿದೆ.

ಇಂತಿ,
ಗಂಗಾಂಬಿಕಾ

ತಾ.ಕ.: ಸಮಿತಿಯವರ ತೀರ್ಮಾನ ಎಂದು ಮೇಲೆ ಬರೆದೆ. ಅದನ್ನು ಹೊಡೆದು ಹಾಕದೆ ಇಲ್ಲೇ ಹೇಳಿಬಿಡುತ್ತೇನೆ. ಸೈಕಲ್ ಇಳಿದ ಮರುದಿನವೇ ಹೆಡ್‌ಮಾಸ್ಟರ್ ಹಾಲಸ್ವಾಮಿಯವರು, "ಕೊಟ್‌ಬಿಡ್ರಿ ಮೇಡಂ, ಮಕ್ಕಳು ನಡಕೊಂಡು ಬರಾಕತ್ಯಾವ" ಎಂದಿದ್ದರು. ನೀವೂ ಫೋನಿನಲ್ಲಿ, "ನನಗ ಕಾಯಬ್ಯಾಡ, ಹಂಚಿಬಿಡು" ಎಂದಿರಿ. ಸಮಿತಿ ಒಪ್ಪುತ್ತಿಲ್ಲ ಎಂದೆ. ಸಮಿತಿಯನ್ನು ನಾನು ಕೇಳಿಯೇ ಇರಲಿಲ್ಲ. ಹಂಚಿಬಿಟ್ಟರೆ ನೀವು ಈ ಊರಿಗೆ ಬರಲು ಬೇರೆ ಕಾರಣವೇ ಇರಲಿಲ್ಲ. ನಿಮ್ಮನ್ನು ಒಂದು ಸಲ ಕಣ್ತುಂಬ ನೋಡಬೇಕಿತ್ತು. ಅದಕ್ಕೆ ಆ ಮಗುವಿನ ಶಾಲೆ ಹೋಯಿತು.