ಅಪ್ಪನ ಕೈಯ ತುತ್ತು

ಇಚಲಕರಂಜಿ
೩-೨-೧೯೬೪

ಪ್ರೀತಿಯ ತಾರಕ್ಕಾ,

ನಿನ್ನ ತಂಗಿ ಶಿವವ್ವನ ನಮಸ್ಕಾರ. ‘ನಾವೆಲ್ಲ ಕ್ಷೇಮ’ ಎಂದು ಬರೆದು ಹೊಡೆದು ಹಾಕಿದ್ದು ನಿನಗೆ ಕಾಣುತ್ತಿರಬೇಕು. ಬಾಣಂತಿಯ ಜೀವಕ್ಕೆ ಚಿಂತೆ ಹಚ್ಚಬೇಡ ಎಂದು ಅಪ್ಪ ಗದರಿದ್ದಾನೆ. ಆದರೂ ನಾನೊಬ್ಬಳೇ ಎಷ್ಟೆಂದು ಅಂಜಲಿ?

ಅವ್ವನಿಗೆ ನಾನು ಯಾರೆಂದು ಗೊತ್ತಿಲ್ಲ. ಎಲ್ಲ ಸೀರೆಯಲ್ಲೇ ಆಗುತ್ತದೆ. ಬದಲಿಸಲು ಹೋದರೆ ನಾನು ಕಳ್ಳಿ ಎಂಬಂತೆ ಸೆರಗನ್ನು ಎದೆಗೆ ಅವುಚಿಕೊಂಡು ಚೀರುತ್ತಾಳೆ. ಕನ್ನಡಿಯಲ್ಲಿ ತನ್ನ ಮುಖ ಕಂಡು ನಡುಗಿದಳು, ಅದಕ್ಕೀಗ ಟಾವೆಲ್ ಹೊದಿಸಿದ್ದೇನೆ. ನೆರೆಮನೆಯ ಬಯಾಬಾಯಿ ಅರಳು ಮರಳು ಅನ್ನುತ್ತಾಳೆ. ಐವತ್ತೈದಕ್ಕೆ ಎಂಥ ಅರಳು ಮರಳು! ಮೆದುಳೇ ಸವೆಯುತ್ತಿದೆ, ಔಷಧವಿಲ್ಲ ಎಂದು ಕೊಲ್ಲಾಪುರದ ಡಾಕ್ಟರು ಕೈಚೆಲ್ಲಿದರು.

ಈಗ ಬಾಯೊಳಗಿನ ತುತ್ತು ನುಂಗುವುದನ್ನೂ ಮರೆಯುತ್ತಾಳೆ. ಅಪ್ಪನೊಬ್ಬನ ಕೈಗೆ ಮಾತ್ರ ಬಾಯಿ ತೆರೆಯುತ್ತಾಳೆ. ಅವನು ಮಧ್ಯಾಹ್ನ ಮಗ್ಗ ನಿಲ್ಲಿಸಿ ಓಡಿ ಬರುತ್ತಾನೆ, ತಲೆಯ ಮೇಲೆ ಹತ್ತಿಯ ಧೂಳು ಹಾಗೇ ಇರುತ್ತದೆ. ನುಚ್ಚಿಗೆ ಮಜ್ಜಿಗೆ ಕಲಸಿ ತಿನ್ನಿಸಿ, ಗಂಟಲು ಸವರುತ್ತ, “ನುಂಗ, ಶಾಣ್ಯಾಕಿ, ನುಂಗ” ಅನ್ನುತ್ತಾನೆ. ಅವಳು ನುಂಗಿದ ಮೇಲೆ ನನ್ನ ಕಡೆ ತಿರುಗಿ, “ನಾ ಯಾರಂತ ಆಕಿಗೆ ಗೊತ್ತೈತಿ. ನೀ ಅಂಜಬ್ಯಾಡ” ಅನ್ನುತ್ತಾನೆ.

ನನ್ನ ಅಂಜಿಕೆಯೇ ಅದು. ಆ ಗುರುತೂ ಅಳಿಸಿದ ದಿನ ಅವ್ವ ಉಪವಾಸ ಬಿದ್ದು ಸಾಯುತ್ತಾಳೆ. ಮೊನ್ನೆ ಅಪ್ಪನ ಟೊಪ್ಪಿಗೆ ಹಾಕಿಕೊಂಡು ಎದುರು ಕೂತು ತುತ್ತು ಬಾಯಿಗಿಟ್ಟು ನೋಡಿದೆ, ನಗಬೇಡ. ತುತ್ತನ್ನು ನನ್ನ ಮುಖಕ್ಕೇ ಉಗಿದಳು.

ಭಾವನವರ ಕೈಕಾಲು ಹಿಡಿದಾದರೂ ಕೂಸನ್ನು ಎತ್ತಿಕೊಂಡು ಬಾ. ನಿನ್ನ ಕೈಗೆ ಬಾಯಿ ತೆರೆದಾಳೇನೋ.

ನಿನ್ನ ದಾರಿ ಕಾಯುವ,
ಶಿವವ್ವ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಇದಾಯಿತು. ಅಪ್ಪ ಹೊಸ್ತಿಲು ದಾಟುತ್ತಲೇ ಅವ್ವ ಅವನನ್ನು ದಿಟ್ಟಿಸಿ, “ಕಾಡಪ್ಪಾ” ಎಂದು ಹೆಸರು ಹಿಡಿದು ಕರೆದಳು. ನಮ್ಮವ್ವ! ಮದುವೆಗಳಲ್ಲಿ ಗಂಡನ ಹೆಸರಿನ ಒಡಪು ಹೇಳು ಎಂದು ಹೆಂಗಸರು ಹಿಡಿದು ಕೂಡಿಸಿದರೂ ಬಿಡಿಸಿಕೊಂಡು ಓಡುತ್ತಿದ್ದವಳು. ಅಪ್ಪ ಕುಣಿದಾಡಿಬಿಟ್ಟ. “ಕೇಳಿದೇನ ಶಿವೀ, ನನ್ನ ಹೆಸರ ನೆನಪಾಗೇತಿ ಆಕಿಗೆ!” ಎಂದು ಬಯಾಬಾಯಿಯ ಮನೆಗೆ ಬೆಲ್ಲ ಕೊಟ್ಟು ಬಂದ. ನನಗದು ಯಾರೋ ಪರರನ್ನು ಕರೆದಂತೆ ಕೇಳಿಸಿತು. ಯಾವ ಹೆಂಡತಿ ಗಂಡನನ್ನು ಹಾಗೆ ಕರೆಯುತ್ತಾಳೆ ಅಕ್ಕಾ? ಆಮೇಲೆ ಅವನು ತುತ್ತು ಹಿಡಿದರೆ ಅವ್ವ ಬಾಯಿ ಬಿಗಿದು ಗೋಡೆಗೆ ತಿರುಗಿದಳು. “ಖುಷಿಗೆ ಹೊಟ್ಟಿ ತುಂಬೇತಿ ಆಕಿಗೆ” ಎಂದು ಅಪ್ಪ ನಕ್ಕು ಮತ್ತೆ ಮಗ್ಗಕ್ಕೆ ಹೋದ. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಹೋಗಿಲ್ಲ.